ಅಪ್ಪನ ಫೋನಿಗೆ ಅಪ್‌ಡೇಟ್ ಹಾಕಿದ್ದು

ಫೋನಿನ ಸೆಟ್ಟಿಂಗ್ಸ್ ಚಿತ್ರದ ಮೂಲೆಯಲ್ಲಿ ಕೆಂಪು ಚುಕ್ಕಿಯೊಂದು ಕಂಡರೆ ಸಾಕು, ನನಗೆ ಉಂಡದ್ದು ಮೈಗೆ ಹತ್ತುತ್ತಿರಲಿಲ್ಲ. ಅದು ಹೋಗುವವರೆಗೂ ಕೈ ತುರಿಸುತ್ತಿತ್ತು. ನಾನು ಜಮಖಂಡಿಯ ಒಂದು ಶಾಲೆಯಲ್ಲಿ ಗಣಿತ ಕಲಿಸುತ್ತೇನೆ. ಮಧ್ಯಾಹ್ನ ಎಲ್ಲರೂ ಡಬ್ಬಿ ಬಿಚ್ಚಿ ಕೂತಾಗ ಯಾರದಾದರೂ ಫೋನು ಮೇಜಿನ ಮೇಲೆ ಬಿದ್ದಿದ್ದರೆ ನನ್ನ ಕಣ್ಣು ರೊಟ್ಟಿಗಿಂತ ಮೊದಲು ಅದರ ಮೇಲೆ ಹೋಗುತ್ತಿತ್ತು. "ಏನ್ರಿ ಇದು, ಮೂರ ತಿಂಗಳಿಂದ ಅಪ್‌ಡೇಟ್ ಮಾಡಿಲ್ಲಲ್ಲರಿ. ಜಳಕಾನೂ ಹಿಂಗ ಮುಂದ ಹಾಕ್ತೀರೇನು?" ಎಂದು ಗದರಿ, ಫೋನನ್ನು ಕಿತ್ತುಕೊಂಡು ಮಾಡಿಯೇ ಬಿಡುತ್ತಿದ್ದೆ. ಚಿಕ್ಕಪಡಸಲಗಿಯಿಂದ ಬರುವ ಒಬ್ಬ ಶಿಕ್ಷಕಿ ನಾನು ಒಳಗೆ ಕಾಲಿಟ್ಟ ಕೂಡಲೇ ತನ್ನ ಫೋನನ್ನು ಪರ್ಸಿನಲ್ಲಿ ಬಚ್ಚಿಡುತ್ತಿದ್ದಳು. "ಬಂದ್ರ ನೋಡ್ರಿ ಫೋನಿನ ಡಾಕ್ಟರ್" ಎಂದು ಉಳಿದವರು ನಗುತ್ತಿದ್ದರು. ನನಗೆ ಒಳಗೊಳಗೇ ಹೆಮ್ಮೆ. ಆ ಹೆಮ್ಮೆಯನ್ನು ಈಗ ನೆನೆದರೆ ನನ್ನ ಕೆನ್ನೆಗೆ ನಾನೇ ಎರಡು ಬಾರಿಸಿಕೊಳ್ಳಬೇಕು ಅನ್ನಿಸುತ್ತದೆ.

ತವರುಮನೆ ಬನಹಟ್ಟಿಯಲ್ಲಿ, ನೇಕಾರರ ಓಣಿಯಲ್ಲಿ. ಅಪ್ಪ ನಲವತ್ತು ವರ್ಷ ಕರೆಂಟಿನ ಮಗ್ಗದ ಮೇಲೆ ಸೀರೆ ನೇಯ್ದವನು. ನಮ್ಮ ಓಣಿಯಲ್ಲಿ ಮಕ್ಕಳಿಗೆ ಅಕ್ಷರಕ್ಕಿಂತ ಮೊದಲು ಕಲಿಸುವ ಪಾಠ ಒಂದಿದೆ: ಕರೆಂಟ್ ಹೋದರೆ ಎದ್ದು ಹೋಗಿ ಬಟನ್ ಬಂದ್ ಮಾಡು. ಕರೆಂಟ್ ಹೋದಾಗ ಮಗ್ಗ ಎಲ್ಲಿತ್ತೋ ಅಲ್ಲೇ ನಿಂತುಬಿಡುತ್ತದೆ. ಆ ಕಡೆಯಿಂದ ಈ ಕಡೆಗೆ ಓಡುತ್ತಿದ್ದ ಲಾಳಿ ಎಳೆಗಳ ನಡುವೆ ಸಿಕ್ಕಿಕೊಂಡಿರುತ್ತದೆ. ಬಟನ್ ಹಾಗೇ ಬಿಟ್ಟರೆ, ಕರೆಂಟ್ ಮರಳಿ ಬಂದಾಗ ಮಗ್ಗ ತಾನಾಗಿಯೇ ಜಗ್ಗಿ, ಸಿಕ್ಕಿಕೊಂಡ ಲಾಳಿ ನೂರಾರು ಎಳೆಗಳನ್ನು ಹರಿದು ಹಾಕುತ್ತದೆ. ಅವನ್ನು ಒಂದೊಂದಾಗಿ ಹುಡುಕಿ ಗಂಟು ಹಾಕುವುದರಲ್ಲಿ ಎರಡು ದಿನ ಹೋಗುತ್ತವೆ. ಹೀಗಾಗಿ ನಮ್ಮ ಮನೆಯಲ್ಲಿ ಕರೆಂಟ್ ಹೋದರೆ ಮಗ್ಗವಷ್ಟೇ ಅಲ್ಲ, ಫ್ಯಾನು, ಟಿವಿ, ಮಿಕ್ಸರ್ ಎಲ್ಲದರ ಬಟನ್ ಬಂದ್ ಆಗುತ್ತಿತ್ತು. ನಾನು ಈಗಲೂ ಶಾಲೆಯಲ್ಲಿ ಕರೆಂಟ್ ಹೋದರೆ ಲೆಕ್ಕ ಅರ್ಧಕ್ಕೆ ಬಿಟ್ಟು ಗೋಡೆಯ ಕಡೆ ಹೋಗುತ್ತೇನೆ. ಮಕ್ಕಳು ನಗುತ್ತಾರೆ.

ಎರಡು ವರ್ಷದ ಹಿಂದೆ ಅಪ್ಪನ ದನಿ ಒಡೆಯಲು ಶುರುವಾಯಿತು. ಮೊದಲು ನೆಗಡಿ ಅಂದೆವು, ಆಮೇಲೆ ಮಗ್ಗದ ಧೂಳು ಅಂದೆವು. ಅವ್ವ ಅರಿಶಿನ ಹಾಕಿ ಹಾಲು ಕುಡಿಸಿದಳು. ಕಡೆಗೆ ಮಿರಜಕ್ಕೆ ಕರೆದುಕೊಂಡು ಹೋದಾಗ ಡಾಕ್ಟರು ನನ್ನೊಬ್ಬಳನ್ನೇ ಹೊರಗೆ ಕರೆದು, ಗಂಟಲಲ್ಲಿ ಗಂಟಾಗಿದೆ, ದನಿಪೆಟ್ಟಿಗೆಯನ್ನೇ ತೆಗೆಯಬೇಕು, ಜೀವ ಉಳಿಯುತ್ತದೆ, ಮಾತು ಉಳಿಯುವುದಿಲ್ಲ ಎಂದರು. ಆಪರೇಷನ್ನಿಗೆ ಹನ್ನೆರಡು ದಿನ ಇತ್ತು. ಅಪ್ಪನಿಗೆ ಹೇಳಿದಾಗ ಅವನು, "ಹಂಗಾರ ನಿಮ್ಮವ್ವನ ಮಾತಿಗೆ ಇನ್ನ ಎದುರ ಮಾತ ಇಲ್ಲ ಅನ್ನು" ಅಂದ. ಅವ್ವ ಅಡಿಗೆಮನೆಗೆ ಹೋಗಿ ಅತ್ತಳು.

ಅಪ್ಪನ ದನಿಯನ್ನು ಹಿಡಿದಿಡೋಣ ಎಂಬ ಆಲೋಚನೆ ನನ್ನದೇ. ಅಪ್ಪ ಮೂರನೆಯ ಇಯತ್ತೆ ಕಲಿತವನು. ಸ್ಲೇಟಿನ ಮೇಲೆ ಒಂದು ಸಾಲು ಬರೆಯುವಷ್ಟರಲ್ಲಿ ಹೊತ್ತು ಮುಳುಗುತ್ತದೆ. ಬರೆದದ್ದನ್ನು ಫೋನೇ ಓದಿ ಹೇಳುವ ಏರ್ಪಾಡನ್ನೂ ತೋರಿಸಿದ್ದೆ. ಅದು ಸಮಾಚಾರ ಓದುವವರ ಹಾಗೆ "ನನಗೆ ನೀರು ಬೇಕಾಗಿದೆ" ಅಂದದ್ದನ್ನು ಕೇಳಿ ಅಪ್ಪ, "ಈ ಬೆಂಗಳೂರ ಬಾಯಿ ನನಗ ಬ್ಯಾಡವ್ವಾ. ಓಣ್ಯಾಗ ಮಂದಿ ನಗ್ತಾರ" ಎಂದ. ಆಗ ನನಗೆ ಒಂದು ಆ್ಯಪ್ ಸಿಕ್ಕಿತು. ಅದರಲ್ಲಿ ಚಿತ್ರದ ಬಟನ್‌ಗಳು. ಒಂದೊಂದು ಬಟನ್ನಿಗೆ ಒಂದೊಂದು ಮಾತನ್ನು ನಮ್ಮದೇ ದನಿಯಲ್ಲಿ ತುಂಬಿಸಿ ಇಡಬಹುದು. ಲೋಟದ ಚಿತ್ರ ಒತ್ತಿದರೆ ನೀರು ಕೇಳಬೇಕು, ಅಷ್ಟೇ. ಅಪ್ಪನ ಫೋನಿಗೆ ಅದನ್ನು ಹಾಕಿದೆ.

ಆದರೆ ನಮ್ಮ ಓಣಿಯಲ್ಲಿ ದನಿ ಹಿಡಿಯುವುದು ಸುಲಭವಲ್ಲ. ಬೆಳಗಾದರೆ ಎಲ್ಲ ಮನೆಯ ಮಗ್ಗಗಳೂ ಖಟಖಟ ಶುರು. ಮೊದಲ ದಿನ ತುಂಬಿದ ಹತ್ತು ಮಾತನ್ನು ಮತ್ತೆ ಕೇಳಿದರೆ ಮಗ್ಗದ ಸದ್ದೇ ಹೊರತು ಅಪ್ಪ ಎಲ್ಲೂ ಇಲ್ಲ. ಹೀಗಾಗಿ ಕರೆಂಟ್ ಹೋಗುವುದನ್ನೇ ಕಾಯುತ್ತ ಕೂತೆವು. ಜನ ಕರೆಂಟ್ ಬರಲಿ ಅಂತ ಕಾಯುತ್ತಾರೆ, ನಾವು ರಜೆ ಹಾಕಿ ಕರೆಂಟ್ ಹೋಗಲಿ ಅಂತ ಕಾದೆವು. ಹೋದ ಕೂಡಲೇ ಓಣಿಗೆ ಓಣಿಯೇ ಗಪ್ಪಾಗುತ್ತಿತ್ತು. ಅಪ್ಪ ಎದ್ದು ಹೋಗಿ ಬಟನ್ ಎಲ್ಲ ಬಂದ್ ಮಾಡಿ, ಬಂದು ಫೋನಿನ ಮುಂದೆ ಕೂರುತ್ತಿದ್ದ. ನಾನು ಒಂದೊಂದೇ ಚಿತ್ರ ತೋರಿಸುತ್ತಿದ್ದೆ. ಅವನು ಒಡೆದ ದನಿಯಲ್ಲಿ ಹೇಳುತ್ತಿದ್ದ.

"ನೀರ ಕೊಡ."

"ಚಾದಾಗ ಸಕ್ರಿ ಕಡಿಮಿ ಆಗೇತಿ."

"ಬೆನ್ನ ಕಡ್ಯಾಕತ್ತೈತಿ, ತಿಕ್ಕ."

"ಕರೆಂಟ ಬಂತೇನು?"

"ಸುಮ್ನ ಕುಂದ್ರಲೇ." ಇದು ಟಿವಿಯಲ್ಲಿ ಕೂಗಾಡುವವರಿಗಾಗಿ.

ಒಂದು ದಿನ ನಡುವೆ ಸಿಟ್ಟಿಗೆದ್ದು, "ಏನ ನಾಟಕಾ ಮಾಡಸ್ತೀಯವ್ವಾ ನೀ. ನಾ ಏನ ಸಾಯಾಕ ಹೊಂಟೇನೇನು?" ಅಂದ.

"ಸಾಯಾಕ ಅಲ್ಲಪ್ಪಾ, ಬದುಕಾಕ ಬೇಕಲ್ಲ ಇದು" ಅಂದೆ.

ಅವ್ವ ಅಷ್ಟು ದಿನ ದೂರ ಕೂತು ನೋಡುತ್ತಿದ್ದವಳು ಆಗ ಬಾಗಿಲಿಗೆ ಬಂದು ನಿಂತು, "ನನ್ನ ಕರಿಯೂದು ಒಂದ ಇರಲಿ" ಎಂದಳು. ಅಪ್ಪ ಮದುವೆಯಾದಾಗಿನಿಂದ ಅವ್ವನ ಹೆಸರು ಹಿಡಿದು ಕರೆದವನಲ್ಲ. ಮಗ್ಗದ ಮೇಲಿಂದಲೇ "ಏ, ಎಲ್ಲಿದ್ದೀ?" ಎಂದು ಕೂಗುತ್ತಿದ್ದ. ದಿನಕ್ಕೆ ಎಷ್ಟು ಸಲವೋ. ಅವ್ವ ಎಲ್ಲಿದ್ದರೂ "ಬಂದೆರಿ" ಎನ್ನುತ್ತಿದ್ದಳು. ಅದನ್ನೂ ತುಂಬಿದೆವು. ಬಳೆಯ ಚಿತ್ರ ಹಾಕಿದೆ. ಆಪರೇಷನ್ನಿಗೆ ಹೋಗುವ ಹಿಂದಿನ ದಿನದ ಹೊತ್ತಿಗೆ ಒಟ್ಟು ಅರವತ್ತೆರಡು ಬಟನ್ ತುಂಬಿದ್ದವು.

ಆಪರೇಷನ್ ಛಲೋ ಆಯಿತು. ಅಪ್ಪನ ಕತ್ತಿನಲ್ಲಿ ಉಸಿರಾಡಲು ಒಂದು ತೂತು ಉಳಿಯಿತು. ಅದರ ಮುಂದೆ ಅವ್ವ ದಿನಾ ತೆಳ್ಳನೆಯ ಬಿಳಿ ಬಟ್ಟೆ ಕಟ್ಟುತ್ತಾಳೆ. ಮಗ್ಗ ನಿಂತಿತು, ಮೇಲೆ ಹಳೆಯ ಸೀರೆ ಹೊದಿಸಿದೆವು. ಆದರೆ ಮನೆಯಲ್ಲಿ ಅಪ್ಪನ ಮಾತು ನಿಲ್ಲಲಿಲ್ಲ. ಮೊದಲ ವಾರ ಫೋನು ಹಿಡಿಯಲು ನಾಚಿಕೆ. ಎರಡನೆಯ ವಾರಕ್ಕೆ ಕೈ ಪಳಗಿತು. ನಲವತ್ತು ವರ್ಷ ಎಳೆ ಹಿಡಿದ ಬೆರಳು, ಕಣ್ಣು ಮುಚ್ಚಿಯೂ ಬಟನ್ ಹುಡುಕುತ್ತಿತ್ತು. ಒಮ್ಮೆ ಬೀಗರು ಮಾತಾಡಿಸಲು ಬಂದಾಗ "ಊಟ ಆತೇನು" ಎಂದು ಕೇಳಲು ಹೋಗಿ "ಸುಮ್ನ ಕುಂದ್ರಲೇ" ಒತ್ತಿಬಿಟ್ಟ. ಅವರು ಎದ್ದು ನಿಂತವರು ಕೂತೇಬಿಟ್ಟರು. ಅಪ್ಪ ಹೊಟ್ಟೆ ಹಿಡಿದುಕೊಂಡು ಸದ್ದಿಲ್ಲದೆ ನಕ್ಕ. ಹಿತ್ತಲಲ್ಲಿ ಪಾತ್ರೆ ತಿಕ್ಕುತ್ತಿದ್ದ ಅವ್ವನಿಗೆ "ಏ, ಎಲ್ಲಿದ್ದೀ?" ಕೇಳಿಸುತ್ತಿತ್ತು, "ಬಂದೆರಿ" ಎನ್ನುತ್ತಿದ್ದಳು. ಓಣಿಯವರು ಹೊರಗಿನಿಂದ ಕೇಳಿದರೆ ಈ ಮನೆಯಲ್ಲಿ ಏನೂ ಆಗಿಲ್ಲ ಅಂದುಕೊಳ್ಳಬೇಕು.

ವರ್ಷ ಕಳೆಯುವಷ್ಟರಲ್ಲಿ ಫೋನು ಜಡವಾಯಿತು. ಒತ್ತಿದರೆ ತಡೆದು ತಡೆದು ಮಾತು ಬರುತ್ತಿತ್ತು. ಅಪ್ಪ ಬಳೆಯ ಚಿತ್ರ ಒತ್ತುತ್ತಿದ್ದ, ಏನೂ ಬರುತ್ತಿರಲಿಲ್ಲ, ಮತ್ತೆ ಒತ್ತುತ್ತಿದ್ದ, ಸಿಟ್ಟಿನಿಂದ ನಾಲ್ಕು ಸಲ ಒತ್ತುತ್ತಿದ್ದ. ಅವ್ವ ತಾನೇ ಬಂದು ಎದುರು ನಿಂತ ಮೇಲೆ ಫೋನು "ಎಲ್ಲಿದ್ದೀ, ಎಲ್ಲಿದ್ದೀ, ಎಲ್ಲಿದ್ದೀ" ಎಂದು ಕೂಗುತ್ತಿತ್ತು. "ಇಲ್ಲೇ ಅದೀನಲ್ಲರಿ, ಕಣ್ಣ ಹೋಗ್ಯಾವೇನು" ಎಂದು ಅವ್ವ ನಗುತ್ತಿದ್ದಳು. ಅಪ್ಪ ನಗುತ್ತಿರಲಿಲ್ಲ. ನಾನು ಭಾನುವಾರ ಹೋದಾಗ ಫೋನನ್ನು ನನ್ನ ಕೈಗಿಟ್ಟು, ಹುಬ್ಬು ಗಂಟು ಹಾಕಿ, ಇದನ್ನು ನೋಡು ಎಂಬಂತೆ ಕೈ ತಿರುವುತ್ತಿದ್ದ.

ಅಂಥದೇ ಒಂದು ಭಾನುವಾರ ಮಧ್ಯಾಹ್ನ ನನಗೆ ಆ ಕೆಂಪು ಚುಕ್ಕಿ ಕಂಡಿತು. ಊಟ ಮುಗಿಸಿ ಅಪ್ಪ ಪಡಸಾಲೆಯ ಮಂಚದ ಮೇಲೆ ಮಲಗಿದ್ದ. ನಾನು ಕೆಳಗೆ ಚಾಪೆಯ ಮೇಲೆ ಕೂತು ಅವನ ಫೋನು ತೆರೆದೆ. ಹೊಸ ಸಾಫ್ಟ್‌ವೇರ್ ಬಂದಿದೆ, ಇದರಿಂದ ಫೋನಿನ ವೇಗ ಹೆಚ್ಚುತ್ತದೆ ಎಂದು ಬರೆದಿತ್ತು. ಸಿಕ್ಕಿತಲ್ಲ, ಇಷ್ಟು ದಿನ ಇದೇ ರೋಗ, ಇಲ್ಲೇ ಔಷಧಿ ಎಂದುಕೊಂಡೆ. ಕೆಳಗೆ ಇನ್ನೊಂದು ಸಾಲಿತ್ತು: ಮುಂದುವರಿಯುವ ಮೊದಲು ಬ್ಯಾಕಪ್ ತೆಗೆದುಕೊಳ್ಳಿ. ಒತ್ತಿದೆ. ಜಾಗ ಸಾಲದು ಎಂದಿತು. ಜಾಗ ಮಾಡಬೇಕೆಂದರೆ ಯಾರ್ಯಾರೋ ಕಳಿಸಿದ ಶುಭೋದಯದ ಹೂವುಗಳು, ಮದುವೆಯ ವಿಡಿಯೋಗಳು ಎಲ್ಲವನ್ನೂ ಒಂದೊಂದಾಗಿ ಅಳಿಸಬೇಕು. ಅರ್ಧ ತಾಸಿನ ಕೆಲಸ. 'ನಂತರ' ಎಂಬ ಬಟನ್ ಇತ್ತು. ಮಂದಿಗೆಲ್ಲ ಮುಂದೆ ಹಾಕಬೇಡಿ ಎಂದು ಬೈದು ತಿರುಗುವ ನಾನು ಅದನ್ನು ಒತ್ತಿದೆ. ಆಮೇಲೆ ಇನ್‌ಸ್ಟಾಲ್ ಒತ್ತಿದೆ.

ಪರದೆ ಕಪ್ಪಾಗಿ, ನಡುವೆ ಒಂದು ಸಣ್ಣ ಗೆರೆ ಮುಂದೆ ಸರಿಯತೊಡಗಿತು. ಫೋನನ್ನು ಆಫ್ ಮಾಡಬೇಡಿ ಎಂದು ಇಂಗ್ಲಿಷಿನಲ್ಲಿ ಬರೆದಿತ್ತು. ಚಾರ್ಜರ್ ಹಾಕಿ ಅಪ್ಪನ ತಲೆಯ ಕಡೆಗಿದ್ದ ಸ್ಟೂಲಿನ ಮೇಲಿಟ್ಟೆ. ಎಬ್ಬಿಸಿ ಹೇಳಬಹುದಿತ್ತು. ಮಲಗಿದವನನ್ನು ಯಾಕೆ ಎಬ್ಬಿಸಲಿ, ಎದ್ದಾಗ ಓಡುವ ಫೋನು ಕೈಗೆ ಕೊಟ್ಟರಾಯಿತು, ಖುಷಿಯಾಗುತ್ತಾನೆ ಎಂದುಕೊಂಡೆ. ಅವ್ವ ಮಾಳಿಗೆಯ ಮೇಲೆ ಸಂಡಿಗೆ ಒಣಹಾಕಿದ್ದಳು. ಮಗುಚಲು ಕರೆದಳು, ಹೋದೆ.

ನಾವು ಮೇಲಿದ್ದಾಗಲೇ ಕರೆಂಟ್ ಹೋಯಿತು. ಓಣಿಯ ಮಗ್ಗಗಳೆಲ್ಲ ಒಮ್ಮೆಲೇ ನಿಂತವು. "ಹೋತು ನೋಡ" ಎಂದಳು ಅವ್ವ. ಫೋನಿನ ನೆನಪು ಬಾರದೆ ಇರಲಿಲ್ಲ. ಆದರೆ ಬ್ಯಾಟರಿಯಲ್ಲಿ ಅರ್ಧಕ್ಕಿಂತ ಹೆಚ್ಚು ಚಾರ್ಜ್ ಇತ್ತು, ಕರೆಂಟ್ ಹೋದರೆ ಏನಾಗುತ್ತದೆ ಎಂದು ನಿಶ್ಚಿಂತೆಯಿಂದ ಸಂಡಿಗೆ ಮಗುಚಿದೆ. ನೆನಪಾಗಬೇಕಾದದ್ದು ಅಪ್ಪ. ನೇಕಾರನಿಗೆ ಮಗ್ಗದ ಸದ್ದಿನಲ್ಲಿ ನಿದ್ದೆ ಬರುತ್ತದೆ, ಸದ್ದು ನಿಂತರೆ ಎಚ್ಚರಾಗುತ್ತದೆ. ಈ ಮನೆಯಲ್ಲೇ ಹುಟ್ಟಿ ಬೆಳೆದ ನನಗೆ ಅದು ಹೊಳೆಯಲಿಲ್ಲ.

ಕೆಳಗೆ ಇಳಿದು ಬಂದಾಗ ಅಪ್ಪ ಮಂಚದ ಮೇಲೆ ಎದ್ದು ಕೂತಿದ್ದ. ಫ್ಯಾನಿನ ಬಟನ್ ಬಂದ್ ಆಗಿತ್ತು. ಟಿವಿಯ ಬಟನ್ ಬಂದ್ ಆಗಿತ್ತು. ಚಾರ್ಜರನ್ನು ಗೋಡೆಯಿಂದ ಕಿತ್ತು, ವಾಯರನ್ನು ಅಚ್ಚುಕಟ್ಟಾಗಿ ಸುತ್ತಿ ಸ್ಟೂಲಿನ ಮೇಲಿಟ್ಟಿದ್ದ. ಫೋನು ಅವನ ತೊಡೆಯ ಮೇಲಿತ್ತು, ಪೂರ್ತಿ ಕಪ್ಪಾಗಿ. ನನ್ನನ್ನು ನೋಡಿ ಹೆಬ್ಬೆರಳನ್ನು ಒತ್ತಿ ಹಿಡಿದಂತೆ ಮಾಡಿ ತೋರಿಸಿ, ಅಂಗೈ ಅಡ್ಡ ಆಡಿಸಿದ. ನಡುವೆ ಏನೋ ನಡೆದಿತ್ತು, ಬಂದ್ ಮಾಡಿದ್ದೇನೆ ಎಂದು ಅದರ ಅರ್ಥ. ಎಳೆ ಹರಿಯದಂತೆ ಮಗ್ಗ ಉಳಿಸಿದಾಗ ಹೇಗೆ ನೋಡುತ್ತಿದ್ದನೋ ಹಾಗೇ ನೋಡಿದ. ನಾನು ಭೇಷ್ ಅನ್ನಬೇಕಿತ್ತು.

ನಾನು ಫೋನು ಕಸಿದುಕೊಂಡು ಬಟನ್ ಒತ್ತಿದೆ. ಕಂಪನಿಯ ಹೆಸರು ಮೂಡಿತು, ಆರಿತು. ಮತ್ತೆ ಮೂಡಿತು, ಮತ್ತೆ ಆರಿತು. ಅದನ್ನು ಬಿಟ್ಟು ಮುಂದೆ ಹೋಗಲೊಲ್ಲದು. ಹತ್ತು ಸಲ ನೋಡಿದೆ. ಇಂಥ ಹೊತ್ತಿನಲ್ಲಿ ನನಗೆ ಬರುವುದು ಅಳುವಲ್ಲ, ಸಿಟ್ಟು.

"ಯಾಕ ಮುಟ್ಟಿದಿ ಇದನ್ನ? ಬಂದ್ ಮಾಡ ಅಂತ ಯಾರ ಹೇಳಿದ್ರ ನಿನಗ? ನೋಡೀಗ, ಎಲ್ಲಾ ಹೋತು. ನಿನ್ನ ಮಾತೆಲ್ಲಾ ಹೋದೂ ಇದರಾಗಿಂದ" ಎಂದು ಕೂಗಿದೆ.

ಅಪ್ಪನ ಮುಖ ಒಮ್ಮೆಲೇ ಸಣ್ಣದಾಯಿತು. ಕೈಯನ್ನು ಮೇಲೆತ್ತಿ ಏನೋ ತೋರಿಸಲು ಹೋಗಿ, ಅರ್ಧಕ್ಕೆ ಇಳಿಸಿದ. ಅಭ್ಯಾಸಬಲದಿಂದ ಅವನ ಬೆರಳು ಕಪ್ಪು ಪರದೆಯ ಮೇಲೆ ಬಟನ್ ಹುಡುಕಿತು. ಅವ್ವ ಸಂಡಿಗೆಯ ಮೊರ ಹಿಡಿದುಕೊಂಡು ಬಾಗಿಲಲ್ಲಿ ನಿಂತಿದ್ದಳು. "ಅದು ತಾನ ಏನರ ಮಾಡಾಕತ್ತಿತ್ತೇನೋ. ಅವರಿಗೇನ ಗೊತ್ತಾಗ್ತೈತಿ" ಎಂದಳು. ಫೋನು ತಾನಾಗಿ ಏನೂ ಮಾಡುತ್ತಿರಲಿಲ್ಲ, ಶುರು ಮಾಡಿದವಳು ನಾನು ಎಂದು ಹೇಳಲು ಅದೇ ಸರಿಯಾದ ಹೊತ್ತಾಗಿತ್ತು. ನಾನು ಫೋನನ್ನು ಪರ್ಸಿಗೆ ಹಾಕಿಕೊಂಡು ಬಸ್ಸಿಗೆ ಹೊತ್ತಾಯಿತು ಎಂದು ಹೊರಟೆ.

ಜಮಖಂಡಿಯಲ್ಲಿ ಬಸ್‌ಸ್ಟ್ಯಾಂಡಿನ ಹತ್ತಿರ ಒಂದು ಮೊಬೈಲ್ ರಿಪೇರಿ ಅಂಗಡಿ ಇದೆ. ಅದನ್ನು ನಡೆಸುವವನು ಸಭ್ಯ ಮನುಷ್ಯ. ಕಂಪ್ಯೂಟರಿಗೆ ಜೋಡಿಸಿ ಬಹಳ ಹೊತ್ತು ನೋಡಿದ.

"ಅಪ್‌ಡೇಟ್ ನಡದಾಗ ಬಂದ್ ಮಾಡ್ಯಾರ್ರಿ ಅಕ್ಕಾರ. ಅರ್ಧಾ ಹಳೇದ ಹೋಗೇತಿ, ಅರ್ಧಾ ಹೊಸಾದ ಬಂದಿಲ್ಲ. ಎಲ್ಲಾ ಅಳಿಸಿ ಹೊಸಾದಾಗಿ ಹಾಕಬೇಕು."

"ಒಳಗಿಂದು?"

"ಒಳಗಿಂದ ಏನೂ ಉಳಿಯೂದಿಲ್ಲರಿ. ಬ್ಯಾಕಪ್ ಇತ್ತೇನ್ರಿ?"

ನಾನು ಇಲ್ಲವೆಂದು ತಲೆಯಾಡಿಸಿದೆ.

"ಅಪ್‌ಡೇಟ್ ಯಾರ ಹಚ್ಚಿದ್ರರಿ?"

"ಮನ್ಯಾಗ ಯಾರೋ ಹಚ್ಚ್ಯಾರ" ಎಂದೆ. ಮಕ್ಕಳು ಸುಳ್ಳು ಹೇಳಿದರೆ ಕಣ್ಣು ನೋಡಿಯೇ ಹಿಡಿಯುವವಳು ನಾನು. ಅವನು ನನ್ನ ಕಣ್ಣು ನೋಡಲಿಲ್ಲ, ಫೋನು ನೋಡುತ್ತಿದ್ದ.

ಅಳಿಸಬೇಡಿ ಎಂದು ಹೇಳಿ ಫೋನು ಮರಳಿ ತೆಗೆದುಕೊಂಡೆ. ಮುಧೋಳಕ್ಕೆ ಹೋದೆ. ಅಲ್ಲಿಯವನೂ ಅದನ್ನೇ ಹೇಳಿದ, ಇನ್ನೂ ಕಡಿಮೆ ಮಾತಿನಲ್ಲಿ. ಯಾರೋ ಹೇಳಿದರೆಂದು ಮಿರಜಕ್ಕೂ ಹೋದೆ. ಹಿಂದೆ ಅಪ್ಪನನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋದ ಅದೇ ಬಸ್ಸು. ಅಲ್ಲಿಯವನು ಮರಾಠಿಯಲ್ಲಿ ಹೇಳಿದ, ಅರ್ಥ ಅದೇ.

ಬೇರೆಲ್ಲಾದರೂ ಅಪ್ಪನ ದನಿ ಸಿಕ್ಕೀತೇ ಎಂದು ಹುಡುಕಿದೆ. ನನ್ನ ಫೋನಿನಲ್ಲಿ ಏನೂ ಇರಲಿಲ್ಲ. ಅಪ್ಪ ದನಿ ತುಂಬಿ ಕಳಿಸುವವನಲ್ಲ, ಫೋನು ಹಚ್ಚಿ ಮಾತಾಡುವವನು. ಮಾತಾಡಿದ್ದು ಗಾಳಿಗೆ ಹೋಗಿರುತ್ತದೆ. ಸಂಬಂಧಿಕರಿಗೆಲ್ಲ ಕೇಳಿದೆ. ಬೀಳಗಿಯ ಚಿಕ್ಕಮ್ಮನ ಮಗಳ ಮದುವೆಯ ವಿಡಿಯೋದಲ್ಲಿ ಅಪ್ಪ ಇದ್ದಾನೆ ಎಂದು ತಿಳಿದು ತರಿಸಿಕೊಂಡೆ. ಊಟದ ಪಂಕ್ತಿಯಲ್ಲಿ ಎದ್ದು ನಿಂತು ಯಾರಿಗೋ ಏನೋ ಜೋರಾಗಿ ಹೇಳುತ್ತಿದ್ದಾನೆ, ಬಾಯಿ ಆಡುತ್ತಿದೆ, ಕೈ ಆಡುತ್ತಿದೆ. ವಿಡಿಯೋ ಮಾಡಿದವರು ಅದರ ಮೇಲೆ ಸಿನಿಮಾ ಹಾಡು ಹಾಕಿದ್ದಾರೆ. ಅಷ್ಟು ಭಾಗವನ್ನು ಎಷ್ಟು ಸಲ ನೋಡಿದೆನೋ ನನಗೇ ಗೊತ್ತಿಲ್ಲ. ಅಪ್ಪ ಯಾರಿಗೋ ಹೋಳಿಗೆ ಬಡಿಸಿರೋ ಎಂದು ಹೇಳುತ್ತಿದ್ದಾನೆ ಅನ್ನಿಸುತ್ತದೆ.

ಎರಡು ತಿಂಗಳು ಆ ಫೋನನ್ನು ಕಪಾಟಿನಲ್ಲಿ ಬಟ್ಟೆ ಸುತ್ತಿ ಇಟ್ಟುಕೊಂಡಿದ್ದೆ. ಅಳಿಸದೆ ಇದ್ದರೆ ಒಳಗೆ ಅಪ್ಪ ಇರುತ್ತಾನೆ, ಕೇಳದಿದ್ದರೂ ಇರುತ್ತಾನೆ ಎಂದು ಹುಚ್ಚು ಧೈರ್ಯ. ದಿನಾ ಶಾಲೆಯಿಂದ ಬಂದು ಒಮ್ಮೆ ಚಾಲೂ ಮಾಡಿ ನೋಡುತ್ತಿದ್ದೆ. ಕಂಪನಿಯ ಹೆಸರು ಮೂಡುತ್ತಿತ್ತು, ಆರುತ್ತಿತ್ತು. ಅತ್ತ ಬನಹಟ್ಟಿಯಲ್ಲಿ ಅಪ್ಪ ಚಪ್ಪಾಳೆ ತಟ್ಟುವುದನ್ನು ಕಲಿತಿದ್ದ. ಒಂದು ಚಪ್ಪಾಳೆ ಅಂದರೆ ನೀರು, ಎರಡು ಅಂದರೆ ಅವ್ವ ಬರಬೇಕು. ಹಗಲಿನಲ್ಲಿ ಮಗ್ಗದ ಸದ್ದಿನಲ್ಲಿ ಚಪ್ಪಾಳೆ ಹಿತ್ತಲಿಗೆ ಕೇಳಿಸುತ್ತಿರಲಿಲ್ಲ. ಅವ್ವ ಕೆಲಸ ಬಿಟ್ಟು ಬಿಟ್ಟು ಬಂದು ಇಣುಕಿ ನೋಡಿ ಹೋಗುತ್ತಿದ್ದಳು. ಒಂದು ಭಾನುವಾರ ನಾನು ಹೋದಾಗ ಅವಳ ಕಾಲು ಬಾತಿತ್ತು. "ಫೋನ್ ಏನಾತು? ಬ್ಯಾರೆ ಏನರ ಮಾಡಿ ಕೊಡವ್ವಾ. ನನಗೂ ತಿರಗ್ಯಾಡಾಕ ಆಗವಲ್ದು" ಎಂದಳು.

ಮರುದಿನ ಜಮಖಂಡಿಯ ಅಂಗಡಿಗೆ ಹೋಗಿ, ಅಳಿಸಿ ಎಂದೆ. ಅವನು ಎಲ್ಲ ಸಿದ್ಧ ಮಾಡಿ ಫೋನನ್ನು ನನ್ನ ಕಡೆಗೆ ತಿರುಗಿಸಿದ. "ನೀವ ಒತ್ತರಿ ಅಕ್ಕಾರ. ನಾ ಒತ್ತಿ ಆಮ್ಯಾಲ ಮಾತ ಬರೂದ ಬ್ಯಾಡ" ಎಂದ. ಒತ್ತಿದೆ. ಒಂದು ನಿಮಿಷವೂ ಹಿಡಿಯಲಿಲ್ಲ. ಫೋನು ಹೊಸದಾಗಿ ಎದ್ದು ನಮಸ್ಕಾರ ಎಂದಿತು, ಯಾವ ಭಾಷೆ ಬೇಕೆಂದು ಕೇಳಿತು. ಅಲ್ಲೇ ನಿಂತು ಸೆಟ್ಟಿಂಗ್ಸ್ ತೆರೆದು ನೋಡಿದೆ. ಕೆಂಪು ಚುಕ್ಕಿ ಎಲ್ಲೂ ಇರಲಿಲ್ಲ. ನಿಮ್ಮ ಸಾಫ್ಟ್‌ವೇರ್ ಇತ್ತೀಚಿನದಾಗಿದೆ ಎಂದು ಬರೆದಿತ್ತು.

ಆ ಆ್ಯಪನ್ನು ಮತ್ತೆ ಹಾಕಿದೆ. ಅರವತ್ತೆರಡು ಚಿತ್ರಗಳನ್ನೂ ಅದೇ ಜಾಗದಲ್ಲಿ, ಅಪ್ಪನ ಬೆರಳಿಗೆ ಗೊತ್ತಿದ್ದ ಜಾಗದಲ್ಲಿ ಕೂಡಿಸಿದೆ. ಬನಹಟ್ಟಿಗೆ ಹೋಗಿ ಅವ್ವನನ್ನು ಮುಂದೆ ಕೂರಿಸಿಕೊಂಡು, "ನಿನ್ನ ದನಿಲೇ ಹೇಳವ್ವಾ, 'ನೀರ ಕೊಡ' ಅನ್ನು" ಎಂದೆ.

ಅವ್ವ ಫೋನನ್ನೂ ನನ್ನನ್ನೂ ನೋಡಿದಳು. "ಮನ್ಯಾಗ ಇರಾಕಿ ನಾ ಒಬ್ಬಾಕಿ. ನನಗ ನಾನ ನೀರ ಕೊಡ ಅಂತ ಹೇಳಲೇನು?" ಎಂದು ಎದ್ದು ಹೋದಳು.

ಕಡೆಗೆ ನಾನೇ ತುಂಬಿದೆ. ಈ ಸಲ ಕರೆಂಟ್ ಹೋಗುವುದನ್ನು ಕಾಯಲಿಲ್ಲ, ಜಮಖಂಡಿಯ ನನ್ನ ಮನೆಯಲ್ಲಿ ಬಾಗಿಲು ಹಾಕಿಕೊಂಡು ತುಂಬಿದೆ. ಮುಂದಿನ ಭಾನುವಾರ ಅಪ್ಪನ ಕೈಗೆ ಕೊಟ್ಟೆ. ಅವನು ಬಹಳ ಹೊತ್ತು ಪರದೆ ನೋಡಿ ಬಳೆಯ ಚಿತ್ರ ಒತ್ತಿದ. ತಡವಿಲ್ಲದೆ, ಸ್ಪಷ್ಟವಾಗಿ, ಹಾಜರಿ ಕರೆಯುವ ನನ್ನ ಟೀಚರ್ ದನಿಯಲ್ಲಿ "ಏ, ಎಲ್ಲಿದ್ದೀ?" ಎಂದಿತು. ಹಿತ್ತಲಿನಿಂದ "ಬಂದೆರಿ" ಬರಲಿಲ್ಲ. ಅಪ್ಪ ಇನ್ನೊಮ್ಮೆ ಒತ್ತಲಿಲ್ಲ. ಫೋನನ್ನು ಗೋಡೆಯ ಗೂಡಿನಲ್ಲಿ, ಹಳೆಯ ಲಾಳಿಯ ಪಕ್ಕದಲ್ಲಿಟ್ಟು ಬಂದು ಮಂಚದ ಮೇಲೆ ಕೂತ. ಅದು ಈಗಲೂ ಅಲ್ಲೇ ಇದೆ. ನಾನು ಹೋದಾಗ ಚಾರ್ಜ್ ಮಾಡಿ ಬರುತ್ತೇನೆ.

ಹೋದ ತಿಂಗಳು ಒಂದು ದಿನ ನಾನು ಅಪ್ಪನ ಎದುರಿಗೆ ಕೂತು ಶಾಲೆಯ ಪೇಪರು ತಿದ್ದುತ್ತಿದ್ದೆ. ಕರೆಂಟ್ ಹೋಯಿತು, ಓಣಿ ಗಪ್ಪಾಯಿತು. ಅಪ್ಪ ಎದ್ದಾನು ಎಂದು ನಾನು ಕಾಲು ಹಿಂದೆಳೆದುಕೊಂಡು ದಾರಿ ಬಿಟ್ಟೆ. ಅಪ್ಪ ಏಳಲಿಲ್ಲ. ಎರಡೂ ಕೈಗಳನ್ನು ತೊಡೆಯ ಕೆಳಗೆ ಒತ್ತಿಕೊಂಡು ಕೂತಿದ್ದ.

"ಈಗ ಹಂಗ ಮಾಡ್ತಾರ. ಒಂದ ಬಟನ್ ಮುಟ್ಟಂಗಿಲ್ಲ" ಎಂದಳು ಅವ್ವ, ಅಡಿಗೆಮನೆಯಿಂದ.

ನಾನು ಪೇಪರು ಕೆಳಗಿಟ್ಟೆ. ಅಪ್ಪ ನನ್ನನ್ನೇ ನೋಡುತ್ತಿದ್ದ. ಒಂದು ಕೈ ಹೊರಗೆ ತೆಗೆದು ತನ್ನ ಎದೆ ಮುಟ್ಟಿಕೊಂಡ. ಆಮೇಲೆ ಹೆಬ್ಬೆರಳು ಒತ್ತಿ ಹಿಡಿದು ತೋರಿಸಿದ. ಆಮೇಲೆ ಗೂಡಿನ ಕಡೆ ಬೆರಳು ಮಾಡಿದ. ನಾನು ಮಾಡಿದ್ದು, ನಾನು ಬಂದ್ ಮಾಡಿದ್ದು ಎಂದು ಅವನ ಸನ್ನೆಯ ಅರ್ಥ. ಆಮೇಲೆ ಎರಡೂ ಕೈ ಜೋಡಿಸಿ ನನಗೆ, ತನ್ನ ಮಗಳಿಗೆ, ಕೈ ಮುಗಿದ.

ಅಪ್ಪಾ, ಅದನ್ನ ಹಚ್ಚಿದಾಕಿ ನಾನು. ನಿನಗ ಹೇಳದ ಹಚ್ಚಿದ್ನಿ. ಇಷ್ಟೇ ಹೇಳಬೇಕಿತ್ತು. ಓಣಿಯಲ್ಲಿ ಒಂದು ಮಗ್ಗದ ಸದ್ದೂ ಇರಲಿಲ್ಲ, ಎಷ್ಟು ಸಣ್ಣಗೆ ಹೇಳಿದರೂ ಕೇಳುತ್ತಿತ್ತು. ಯಾರು ಹಚ್ಚಿದ್ದು ಎಂದು ಅವನು ಯಾವತ್ತೂ ಕೇಳಿಲ್ಲ, ಕೇಳಲು ಅವನಿಗೆ ಬಾಯಿಲ್ಲ. ನನಗೆ ಬಾಯಿ ಇತ್ತು.

"ಇರ್ಲಿ ಬಿಡಪ್ಪಾ, ಆದದ್ದಾತು" ಎಂದೆ.

ಅಪ್ಪ ತಲೆಯಾಡಿಸಿ, ಮತ್ತೆ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡ. ಸ್ವಲ್ಪ ಹೊತ್ತಿಗೆ ಕರೆಂಟ್ ಬಂತು. ಯಾರೂ ಬಂದ್ ಮಾಡಿರಲಿಲ್ಲವಾದ್ದರಿಂದ ಫ್ಯಾನು ತಾನಾಗಿಯೇ ತಿರುಗತೊಡಗಿ, ನನ್ನ ಪೇಪರುಗಳು ಹಾರಿದವು.